ಪಟ್ಟಿಯಿಂದ ದರ ಹುಡುಕುವ ಸೂತ್ರ: ತಪ್ಪು ಎಲ್ಲಿ, ತಿದ್ದುವುದು ಹೇಗೆ?

ನಮ್ಮ ಸದಸ್ಯರಲ್ಲಿ ಅನೇಕರು ಈಗ ತೋಟದ ಜಮಾ-ಖರ್ಚನ್ನು ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಇಡುತ್ತಿದ್ದಾರೆ. ಕೆಲವರು ತಾವೇ ಬರೆಯುತ್ತಾರೆ. ಇನ್ನು ಕೆಲವರಿಗೆ ಓದಿದ ಮಗನೋ ಮಗಳೋ ಸೊಸೆಯೋ ಬರೆದುಕೊಡುತ್ತಾರೆ. ಇದು ಸಂತೋಷದ ಸಂಗತಿ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಇದ್ದಷ್ಟು ಕಾಲ ಮಾಲನ್ನು ಒಪ್ಪಿಸಿ ಕಂತಿನ ಹಣಕ್ಕೆ ಕಾಯುವುದಷ್ಟೇ ಬೆಳೆಗಾರನ ಪಾಲಿಗಿತ್ತು. 1990ರ ದಶಕದಲ್ಲಿ ಆ ವ್ಯವಸ್ಥೆ ಹಂತಹಂತವಾಗಿ ಮುಗಿದ ಮೇಲೆ ಯಾವ ದಿನ, ಯಾರಿಗೆ, ಯಾವ ಮಾಲು, ಎಷ್ಟು ದರಕ್ಕೆ ಎಂಬ ಲೆಕ್ಕವೆಲ್ಲ ನಮ್ಮ ಹೆಗಲಿಗೇ ಬಂದಿದೆ. ಅಡಿಕೆಯಲ್ಲಂತೂ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಒಂದೊಂದಕ್ಕೆ ಒಂದೊಂದು ದರ. ಇದರ ಮೇಲೆ ಕೆಲಸಗಾರರ ಹಾಜರಿ, ಕೂಲಿ, ಮುಂಗಡ.

ಹಾಳೆಯಲ್ಲಿ ಲೆಕ್ಕ ಇಡುವವರು ಮೊದಲು ಕಲಿಯುವುದು ಕೂಡುವ ಸೂತ್ರ. ಅದರ ಮುಂದಿನದು ಪಟ್ಟಿಯಿಂದ ಹುಡುಕಿ ತರುವ ಸೂತ್ರ. ಅದರ ಹೆಸರು ವಿಲುಕಪ್. ಸಂಘದ ಕಚೇರಿಗೆ ಸದಸ್ಯರು ತಂದು ತೋರಿಸುವ ಹಾಳೆಗಳಲ್ಲಿ ಹೆಚ್ಚಿನ ತೊಡಕು ಈ ಸೂತ್ರದ್ದೇ ಆಗಿರುತ್ತದೆ. ಆದುದರಿಂದ ಅದರ ತಪ್ಪುಗಳನ್ನೂ ಪರಿಹಾರಗಳನ್ನೂ ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ.

ಮೊದಲಿಗೇ ಒಂದು ಮಾತು. ಈ ಸೂತ್ರದ ತಪ್ಪುಗಳಲ್ಲಿ ಎರಡು ಬಗೆ. ಒಂದು, ಚೌಕದಲ್ಲಿ ವಿಚಿತ್ರ ಗುರುತು ಮೂಡಿಸಿ ಕೂಗಿ ಹೇಳುವ ತಪ್ಪು. ಇನ್ನೊಂದು, ಸರಿಯಾದ ಅಂಕಿಯಂತೆಯೇ ಕಾಣುತ್ತ ಸುಮ್ಮನಿರುವ ತಪ್ಪು. ಸದಸ್ಯರು ಮೊದಲನೆಯದಕ್ಕೆ ಹೆದರುತ್ತಾರೆ. ಹಣ ಕಳೆಯುವುದು ಎರಡನೆಯದರಿಂದ.

ಸೂತ್ರದ ನಾಲ್ಕು ಅಂಗಗಳು

ಖಾತೆ ಪುಸ್ತಕದಲ್ಲಿ ನಾವು ಹೇಗೆ ಹುಡುಕುತ್ತೇವೆ? ಎಡಗಡೆಯ ಸಾಲಿನಲ್ಲಿ ಹೆಸರಿನ ಮೇಲೆ ಬೆರಳಿಟ್ಟು ಕೆಳಗೆ ಬರುತ್ತೇವೆ; ಬೇಕಾದ ಹೆಸರು ಸಿಕ್ಕಿದ ಕೂಡಲೆ ಬೆರಳನ್ನು ಬಲಕ್ಕೆ ಸರಿಸಿ ಮೊತ್ತ ಓದುತ್ತೇವೆ. ವಿಲುಕಪ್ ಮಾಡುವುದೂ ಇದನ್ನೇ. ಉದಾಹರಣೆಗೆ:

=ವಿಲುಕಪ್(ಬಿ2, $ಜಿ$2:$ಐ$60, 3, ಫಾಲ್ಸ್)

ಓದುವ ಅನುಕೂಲಕ್ಕೆ ಇಲ್ಲಿ ಕನ್ನಡದಲ್ಲಿ ಅಚ್ಚು ಹಾಕಿದ್ದೇವೆ; ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು. ಬಿ2 ಎಂದರೆ ಏನನ್ನು ಹುಡುಕಬೇಕು ಎಂಬುದು; ಆ ಚೌಕದಲ್ಲಿ ‘ರಾಶಿ’ ಎಂದಿದೆ ಎನ್ನಿ. ಜಿ2ರಿಂದ ಐ60ರವರೆಗಿನದು ದರಪಟ್ಟಿ. 3 ಎಂದರೆ ಆ ಪಟ್ಟಿಯ ಮೂರನೆಯ ಕಾಲಮ್ಮಿನಲ್ಲಿರುವುದನ್ನು ತರಬೇಕು ಎಂದು. ಕೊನೆಯ ಫಾಲ್ಸ್ ಎಂದರೆ ಅದೇ ಪದ ಸಿಕ್ಕರೆ ಮಾತ್ರ ತಾ, ಹತ್ತಿರದ್ದು ಬೇಡ ಎಂದು. ಯಂತ್ರ ಯಾವಾಗಲೂ ಪಟ್ಟಿಯ ಮೊದಲನೆಯ ಕಾಲಮ್ಮಿನಲ್ಲಿ ಹುಡುಕುತ್ತದೆ, ಅಲ್ಲಿಂದ ಬಲಕ್ಕೆ ಹೋಗುತ್ತದೆ. ಎಡಕ್ಕೆ ನೋಡುವುದು ಅದಕ್ಕೆ ಬಾರದು.

ಕೂಗಿ ಹೇಳುವ ತಪ್ಪುಗಳು

1. #ಎನ್/ಎ. ‘ಹುಡುಕಿದ್ದು ಪಟ್ಟಿಯಲ್ಲಿ ಸಿಗಲಿಲ್ಲ’ ಎಂದು ಇದರ ಅರ್ಥ. ನಿಜವಾಗಿಯೂ ಇಲ್ಲದಿದ್ದರೆ ಪಟ್ಟಿಗೆ ಸೇರಿಸಿದರಾಯಿತು. ಕಣ್ಣಿಗೆ ಇದ್ದಂತೆ ಕಂಡೂ ಸಿಗದಿದ್ದರೆ ಈ ಕೆಳಗಿನವುಗಳಲ್ಲಿ ಒಂದು ಕಾರಣವಿರುತ್ತದೆ.

(ಅ) ಕಾಣದ ಖಾಲಿ ಜಾಗ. ‘ರಾಶಿ’ ಎಂದು ಬರೆದು ಕೊನೆಗೊಮ್ಮೆ ಸ್ಪೇಸ್ ಒತ್ತಿದ್ದರೆ ನಮಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಪರೀಕ್ಷಿಸಲು =ಲೆನ್(ಬಿ2) ಎಂದು ಬರೆದು ನೋಡಿ. ಯೂನಿಕೋಡ್ ಅಕ್ಷರದಲ್ಲಿ ಬರೆದ ‘ರಾಶಿ’ಗೆ 4 ಬರಬೇಕು, ಏಕೆಂದರೆ ಯಂತ್ರ ಸ್ವರಚಿಹ್ನೆಗಳನ್ನೂ ಬೇರೆಯಾಗಿ ಎಣಿಸುತ್ತದೆ. 5 ಬಂದರೆ ಹೆಚ್ಚಿನದೊಂದು ಅಡಗಿದೆ ಎಂದು ತಿಳಿಯಬೇಕು. =ಟ್ರಿಮ್(ಬಿ2) ಎಂಬ ಸೂತ್ರ ಹಿಂದು ಮುಂದಿನ ಖಾಲಿ ಜಾಗವನ್ನು ತೆಗೆಯುತ್ತದೆ. ಮಾರುಕಟ್ಟೆ ದರವನ್ನು ಇಂಟರ್ನೆಟ್ಟಿನಿಂದ ಎತ್ತಿ ತಂದು ಅಂಟಿಸಿದ್ದರೆ ಅದರಲ್ಲಿ ಇನ್ನೊಂದು ಬಗೆಯ ಖಾಲಿ ಜಾಗ ಬರುವುದುಂಟು. ಅದು ಟ್ರಿಮ್‌ಗೆ ಬಗ್ಗುವುದಿಲ್ಲ. ಅದಕ್ಕೆ =ಸಬ್‌ಸ್ಟಿಟ್ಯೂಟ್(ಬಿ2, ಕ್ಯಾರ್(160), "") ಎಂದು ಬರೆಯಬೇಕು.

(ಆ) ಸಂಖ್ಯೆಯಂತೆ ಕಾಣುವ ಅಕ್ಷರ. ಒಂದು ಕಡೆ 118 ಎಂಬುದು ಸಂಖ್ಯೆಯಾಗಿಯೂ ಇನ್ನೊಂದು ಕಡೆ ಅಕ್ಷರವಾಗಿಯೂ ದಾಖಲಾಗಿದ್ದರೆ ಹೊಂದುವುದಿಲ್ಲ. ಚೌಕದ ಎಡ ಮೂಲೆಯಲ್ಲಿ ಚಿಕ್ಕ ಹಸಿರು ತ್ರಿಕೋನ ಕಂಡರೆ, ಅಥವಾ ಅಂಕಿ ಬಲಕ್ಕೆ ನಿಲ್ಲುವ ಬದಲು ಎಡಕ್ಕೆ ನಿಂತಿದ್ದರೆ, ಇದೇ ಕಾರಣವಿರಬಹುದು. ಎರಡು ಕಡೆಯೂ ಒಂದೇ ಬಗೆಯಲ್ಲಿರುವಂತೆ ಮಾಡಬೇಕು. ಇದಕ್ಕೆ ಒಂದು ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು: ಕೂಡುವ, ಕಳೆಯುವ, ಗುಣಿಸುವ ಅಂಕಿಗಳು ಮಾತ್ರ ಸಂಖ್ಯೆ. ಬ್ಯಾಂಕ್ ಖಾತೆ, ಸರ್ವೆ ನಂಬರ್, ಆಧಾರ್ ಇವೆಲ್ಲ ಅಂಕಿಯಲ್ಲಿ ಬರೆದ ಹೆಸರುಗಳು. ಆ ಕಾಲಮ್ಮುಗಳನ್ನು ಬರೆಯುವ ಮೊದಲೇ ಟೆಕ್ಸ್ಟ್ ಎಂದು ಗುರುತು ಮಾಡಿಡಬೇಕು. ಹಾಗೆ ಮಾಡದಿದ್ದರೆ ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ. ಎಕ್ಸೆಲ್ 15 ಅಂಕಿಗಳಿಗಿಂತ ಹೆಚ್ಚನ್ನು ನೆನಪಿಡುವುದಿಲ್ಲವಾದ್ದರಿಂದ 16 ಅಂಕಿಯ ಖಾತೆಯ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. ಒಮ್ಮೆ ಹೋದ ಅಂಕಿಯನ್ನು ಯಂತ್ರ ಮರಳಿ ಕೊಡದು. ಪಾಸ್‌ಬುಕ್ ನೋಡಿ ಮತ್ತೆ ಬರೆಯಬೇಕು.

(ಇ) ತಾರೀಖಾದ ಸರ್ವೆ ನಂಬರ್. 5/2 ಎಂದು ಸರ್ವೆ ನಂಬರ್ ಬರೆದರೆ ಎಕ್ಸೆಲ್ ಅದನ್ನು ಫೆಬ್ರವರಿ 5 ಎಂದು ತಿಳಿದು ತಾರೀಖು ಮಾಡಿಡುತ್ತದೆ. ಆಮೇಲೆ ಕಾಲಮ್ಮನ್ನು ಟೆಕ್ಸ್ಟ್ ಮಾಡಿದರೆ 5/2 ಹಿಂದಿರುಗುವುದಿಲ್ಲ, ಅರ್ಥವಾಗದ ಐದಂಕಿಯ ಸಂಖ್ಯೆಯೊಂದು ಬರುತ್ತದೆ. ಇದು ನಮ್ಮೊಬ್ಬರ ಪಾಡಲ್ಲ. ಮಾನವ ವಂಶವಾಹಿಗಳಿಗೆ ‘ಸೆಪ್ಟ್1’, ‘ಮಾರ್ಚ್1’ ಎಂಬಂಥ ಹೆಸರುಗಳಿದ್ದವು. ಎಕ್ಸೆಲ್ ಅವನ್ನೂ ತಾರೀಖು ಮಾಡುತ್ತಿತ್ತು. ಅವುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು 2020ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಇಂಥ ಹೆಸರುಗಳನ್ನೇ ಬದಲಾಯಿಸಬೇಕಾಯಿತು. ನಾವು ಸರ್ವೆ ನಂಬರನ್ನು ಬದಲಾಯಿಸಲಾರೆವು. ಆದ್ದರಿಂದ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡುವುದೊಂದೇ ದಾರಿ.

(ಈ) ನುಡಿ ಮತ್ತು ಯೂನಿಕೋಡ್. ಹಳೆಯ ನುಡಿ ಅಕ್ಷರದಲ್ಲಿ ಬರೆದ ಹೆಸರು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ಬೇರೆಯೇ ಸಂಕೇತಗಳು. ಮೊಬೈಲಿನಲ್ಲಿ ಬರೆದ ಯೂನಿಕೋಡ್ ಹೆಸರಿನೊಂದಿಗೆ ಅದು ಎಂದೂ ಹೊಂದದು. ಹಳೆಯ ಪಟ್ಟಿಯನ್ನು ಪರಿವರ್ತಕದಿಂದ ಯೂನಿಕೋಡಿಗೆ ಬದಲಾಯಿಸಿಕೊಂಡ ಮೇಲೆಯೇ ಸೂತ್ರ ಹಾಕಬೇಕು.

(ಉ) ಸೊನ್ನೆ ಮತ್ತು ‘ಓ’. ಬ್ಯಾಂಕಿನ ಐ.ಎಫ್.ಎಸ್.ಸಿ. ಸಂಕೇತದಲ್ಲಿ 11 ಗುರುತುಗಳಿವೆ. ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಓ’ ಒತ್ತಿದವರ ಶಾಖೆ ಪಟ್ಟಿಯಲ್ಲಿ ಸಿಗುವುದಿಲ್ಲ.

(ಊ) ಜಾರಿದ ಪಟ್ಟಿ. ಮೇಲಿನ ಸೂತ್ರದಲ್ಲಿರುವ ಡಾಲರ್ ಗುರುತು ಅಲಂಕಾರಕ್ಕಲ್ಲ. ಅದಿಲ್ಲದೆ ಸೂತ್ರವನ್ನು ಕೆಳಕ್ಕೆ ಎಳೆದರೆ ಪಟ್ಟಿಯ ವ್ಯಾಪ್ತಿಯೂ ಜಾರಿ ಜಿ3:ಐ61, ಜಿ4:ಐ62 ಎಂದಾಗುತ್ತ ಹೋಗುತ್ತದೆ. ಪಟ್ಟಿಯ ಮೊದಲ ಸಾಲುಗಳು ಒಂದೊಂದಾಗಿ ತಪ್ಪಿಹೋಗುತ್ತವೆ. ಹಾಳೆಯ ಮೇಲ್ಭಾಗದಲ್ಲಿ ಎಲ್ಲ ಸರಿಯಿದ್ದು ಕೆಳಗೆ ಹೋದಂತೆ #ಎನ್/ಎ ಹೆಚ್ಚಿದರೆ ಇದೇ ಕಾರಣ. ಸೂತ್ರ ಬರೆಯುವಾಗ ವ್ಯಾಪ್ತಿಯ ಮೇಲೆ ಎಫ್4 ಕೀಲಿ ಒತ್ತಿದರೆ ಡಾಲರ್ ಗುರುತು ಬೀಳುತ್ತದೆ.

2. #ರೆಫ್! ಪಟ್ಟಿಯಲ್ಲಿ ಮೂರೇ ಕಾಲಮ್ಮಿದ್ದು ನಾಲ್ಕನೆಯದನ್ನು ಕೇಳಿದರೆ, ಅಥವಾ ಪಟ್ಟಿಯ ಕಾಲಮ್ಮನ್ನೇ ಅಳಿಸಿಬಿಟ್ಟಿದ್ದರೆ ಇದು ಬರುತ್ತದೆ. ವ್ಯಾಪ್ತಿಯನ್ನೂ ಕಾಲಂ ಸಂಖ್ಯೆಯನ್ನೂ ಸರಿಪಡಿಸಬೇಕು.

3. #ನೇಮ್? ಸೂತ್ರದ ಹೆಸರಿನಲ್ಲಿ ಅಕ್ಷರ ತಪ್ಪಿದೆ, ಅಥವಾ ಪದವನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆಯಲಾಗಿದೆ. ರಾಶಿ ಎಂದು ನೇರವಾಗಿ ಬರೆಯದೆ "ರಾಶಿ" ಎಂದು ಬರೆಯಬೇಕು.

4. #ವ್ಯಾಲ್ಯೂ! ತಂದ ದರವನ್ನು ತೂಕದಿಂದ ಗುಣಿಸುವಾಗ ಇದು ಹೆಚ್ಚಾಗಿ ಕಾಣುತ್ತದೆ. ಕಾರಣ ನಮ್ಮ ಹಳೆಯ ಅಭ್ಯಾಸ: ದರವನ್ನು 40,000/- ಎಂದು ಬರೆಯುವುದು. ಆ ಗೀಟು ಸೇರಿದ ಕೂಡಲೆ ಯಂತ್ರಕ್ಕೆ ಅದು ಅಕ್ಷರವಾಗುತ್ತದೆ, ಗುಣಿಸಲು ಬರುವುದಿಲ್ಲ. ಬರಿಯ ಅಂಕಿ ಬರೆಯಿರಿ.

ಇನ್ನು ####### ಎಂದು ಕಂಡರೆ ಗಾಬರಿ ಬೇಡ. ಹೆಚ್ಚಿನ ಸಲ ಕಾಲಂ ಸಣ್ಣದಾಗಿರುತ್ತದೆ, ಅಷ್ಟೆ. ಅಗಲ ಮಾಡಿದರೆ ಅಂಕಿ ಕಾಣುತ್ತದೆ.

ಸುಮ್ಮನಿರುವ ತಪ್ಪುಗಳು

ಇಲ್ಲಿಂದ ಮುಂದಿನದನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು.

1. ಕೊನೆಯ ಪದವನ್ನು ಬಿಡುವುದು. ಸೂತ್ರದ ಕೊನೆಯಲ್ಲಿ ಫಾಲ್ಸ್ ಎಂದು ಬರೆಯದಿದ್ದರೆ ಎಕ್ಸೆಲ್ ಅದನ್ನು ಟ್ರೂ ಎಂದು ತಿಳಿಯುತ್ತದೆ. ಆಗ ಅದೇ ಸಿಗದಿದ್ದರೆ ಅದಕ್ಕಿಂತ ಕೆಳಗಿನ ಹತ್ತಿರದ್ದನ್ನು ತರುತ್ತದೆ. ಕೆಲಸಗಾರರ ಮುಂಗಡದ ಪಟ್ಟಿಯಲ್ಲಿ 101, 118, 127, 134, 152 ಎಂಬ ಸಂಖ್ಯೆಗಳಿವೆ ಎನ್ನಿ. 120ನೆಯವನು ಹೊಸಬ, ಮುಂಗಡ ಪಡೆದಿಲ್ಲ, ಪಟ್ಟಿಯಲ್ಲೂ ಇಲ್ಲ. ಯಂತ್ರ 118ನೆಯವನ ಮುಂಗಡ 6,000 ರೂಪಾಯಿಯನ್ನು ತಂದು ಇವನ ಹೆಸರಿನ ಮುಂದೆ ಇಡುತ್ತದೆ. ಶನಿವಾರ ಬಟವಾಡೆಯ ಹೊತ್ತಿಗೆ ಪಡೆಯದ ಹಣ ಅವನ ಕೂಲಿಯಿಂದ ಕಡಿತವಾಗುತ್ತದೆ. ಚೌಕದಲ್ಲಿ ಯಾವ ಗುರುತೂ ಇರುವುದಿಲ್ಲ.

ಪಟ್ಟಿ ಕ್ರಮದಲ್ಲಿಲ್ಲದಿದ್ದರೆ ಇನ್ನೂ ಅನಾಹುತ. 101, 118, 134, 127, 152 ಎಂದು ಬರೆದಿದ್ದು 127ನ್ನು ಹುಡುಕಿದರೆ ಯಂತ್ರ ಮೊದಲು ನಡುವಿನ 134ನ್ನು ನೋಡುತ್ತದೆ. ಅದು 127ಕ್ಕಿಂತ ದೊಡ್ಡದು. ಹಾಗಾದರೆ ಬೇಕಾದದ್ದು ಮೇಲಿನ ಅರ್ಧದಲ್ಲೇ ಇರಬೇಕೆಂದು ಭಾವಿಸಿ ಕೆಳಗಿನ ಅರ್ಧವನ್ನು ನೋಡುವುದೇ ಇಲ್ಲ. 127 ಪಟ್ಟಿಯಲ್ಲಿದ್ದರೂ 118ರ ಮೊತ್ತ ಬರುತ್ತದೆ.

ಟ್ರೂ ಎಂಬುದಕ್ಕೂ ಉಪಯೋಗವಿದೆ. 10 ಚೀಲದವರೆಗೆ ಒಂದು ರಿಯಾಯಿತಿ, 50ರ ಮೇಲೆ ಇನ್ನೊಂದು ಎಂಬಂಥ ಹಂತದ ಪಟ್ಟಿಗೆ ಅದೇ ಬೇಕು. ಆ ಪಟ್ಟಿ ಏರುಕ್ರಮದಲ್ಲಿರಬೇಕು. ಉಳಿದ ಕಡೆಯೆಲ್ಲ ಫಾಲ್ಸ್ ಎಂದೇ ಬರೆಯಿರಿ.

2. ಒಂದೇ ಹೆಸರಿನ ಇಬ್ಬರು. ನಮ್ಮ ಊರುಗಳಲ್ಲಿ ಒಂದೇ ಹೆಸರಿನವರು ಮೂರು ನಾಲ್ಕು ಮಂದಿ ಇರುವುದು ಸಾಮಾನ್ಯ. ವಿಲುಕಪ್ ಮೊದಲು ಸಿಕ್ಕವನ ಲೆಕ್ಕ ತಂದು ಅಲ್ಲಿಗೇ ನಿಲ್ಲುತ್ತದೆ. ಎರಡನೆಯವನ ಬಾಕಿಯೂ ಜಮೆಯೂ ಮೊದಲನೆಯವನದಾಗಿ ಹೋಗುತ್ತದೆ. ಆದುದರಿಂದ ಹೆಸರಿನಿಂದ ಎಂದೂ ಹುಡುಕಬಾರದು, ಕ್ರಮಸಂಖ್ಯೆಯಿಂದಲೇ ಹುಡುಕಬೇಕು. ಪಟ್ಟಿಯಲ್ಲಿ ಎರಡು ಸಲ ಬಂದದ್ದನ್ನು ಹಿಡಿಯಲು =ಕೌಂಟ್‌ಇಫ್($ಜಿ$2:$ಜಿ$60, ಜಿ2) ಎಂದು ಪಕ್ಕದಲ್ಲಿ ಬರೆದು ಕೆಳಕ್ಕೆಳೆಯಿರಿ. 1ಕ್ಕಿಂತ ಹೆಚ್ಚು ಬಂದ ಸಾಲುಗಳನ್ನು ಪರಿಶೀಲಿಸಿ.

3. ನಡುವೆ ಸೇರಿದ ಕಾಲಂ. ಪಟ್ಟಿಯ ಮೂರನೆಯ ಕಾಲಂ ದರವಾಗಿತ್ತು. ಮಗಳು ನಡುವೆ ‘ಚೀಲ’ ಎಂಬ ಹೊಸ ಕಾಲಂ ಸೇರಿಸಿದಳು. ಸೂತ್ರದಲ್ಲಿ ಬರೆದ 3 ಹಾಗೆಯೇ ಉಳಿಯುತ್ತದೆ; ಈಗ ಅದು ಚೀಲದ ಎಣಿಕೆಯನ್ನು ದರವೆಂದು ತರುತ್ತದೆ. ಪಟ್ಟಿಯ ರೂಪ ಬದಲಾಯಿಸಿದಾಗಲೆಲ್ಲ ಸೂತ್ರದ ಕಾಲಂ ಸಂಖ್ಯೆ ನೋಡಿಕೊಳ್ಳಬೇಕು.

4. ಗಿಡ್ಡವಾದ ವ್ಯಾಪ್ತಿ. ಸೂತ್ರ 60ನೆಯ ಸಾಲಿನವರೆಗೆ ನೋಡುತ್ತದೆ. ಪಟ್ಟಿ 65ರವರೆಗೆ ಬೆಳೆದಿದೆ. ಹುಡುಕುವ ಸೂತ್ರವಾದರೆ ಹೊರಗುಳಿದವರಿಗೆ #ಎನ್/ಎ ಎಂದಾದರೂ ಕೂಗುತ್ತದೆ. ಕೂಡುವ, ಸರಾಸರಿ ತೆಗೆಯುವ ಸೂತ್ರಗಳು ಅದನ್ನೂ ಮಾಡುವುದಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ಸರಕಾರಿ ಸಾಲ ಮತ್ತು ಆರ್ಥಿಕ ಬೆಳವಣಿಗೆಯನ್ನು ಕುರಿತು 2010ರಲ್ಲಿ ಬರೆದ ಪ್ರಬಂಧ ಜಗತ್ತಿನಲ್ಲೆಲ್ಲ ಚರ್ಚೆಯಾಗಿತ್ತು. ಅವರ ಎಕ್ಸೆಲ್ ಹಾಳೆಯಲ್ಲಿ ಸರಾಸರಿಯ ವ್ಯಾಪ್ತಿ ಐದು ಸಾಲು ಗಿಡ್ಡವಾಗಿ ಐದು ದೇಶಗಳು ಹೊರಗುಳಿದಿದ್ದವೆಂಬುದನ್ನು 2013ರಲ್ಲಿ ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿ ಕಂಡುಹಿಡಿದ. ಅಂಥ ವಿದ್ವಾಂಸರ ಹಾಳೆಯಲ್ಲಿ ಆದದ್ದು ನಮ್ಮ ಹಾಳೆಯಲ್ಲಿ ಆಗಲಾರದು ಎನ್ನುವಂತಿಲ್ಲ.

5. ದರಪಟ್ಟಿ ತಿದ್ದಿದಾಗ ಹಳೆಯ ಲೆಕ್ಕವೂ ಬದಲಾಗುವುದು. ಸೂತ್ರ ಎಂದಿಗೂ ಜೀವಂತ. ಕಳೆದ ತಿಂಗಳು ಮಾರಿದ ರಾಶಿಯ ಸಾಲಿನಲ್ಲಿ ಸೂತ್ರ ಹಾಗೆಯೇ ಇದ್ದು, ಇಂದು ದರಪಟ್ಟಿಯಲ್ಲಿ ಹೊಸ ದರ ಬರೆದರೆ, ಹಿಂದಿನ ಬಿಲ್ಲುಗಳೂ ಹೊಸ ದರಕ್ಕೆ ತಿರುಗುತ್ತವೆ. ವ್ಯವಹಾರ ಚುಕ್ತಾ ಆದ ಕೂಡಲೆ ಆ ಸಾಲುಗಳನ್ನು ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಎಂದು ಆರಿಸಿ ಅದೇ ಜಾಗಕ್ಕೆ ಅಂಟಿಸಬೇಕು. ಆಗ ಅಂಕಿ ಉಳಿಯುತ್ತದೆ, ಸೂತ್ರ ಹೋಗುತ್ತದೆ.

6. ಮಾನದ ಗೊಂದಲ. ಅಡಿಕೆಯ ದರ ಕ್ವಿಂಟಾಲಿಗೆ. ಕಾಫಿಯ ದರವನ್ನು ನಾವು 50 ಕಿಲೋ ಚೀಲಕ್ಕೆ ಹೇಳುತ್ತೇವೆ. ಎರಡೂ ಒಂದೇ ಪಟ್ಟಿಯಲ್ಲಿದ್ದು ತೂಕವನ್ನು ಕ್ವಿಂಟಾಲಿನಲ್ಲಿ ಹಿಡಿದರೆ ಕಾಫಿಯ ಮೊತ್ತ ಅರ್ಧಕ್ಕೆ ಇಳಿಯುತ್ತದೆ. ಸೂತ್ರದಲ್ಲಿ ತಪ್ಪಿಲ್ಲ, ಲೆಕ್ಕದಲ್ಲಿ ತಪ್ಪಿದೆ. ಒಂದೇ ಮಾನಕ್ಕೆ ತಂದು ಪಟ್ಟಿ ಮಾಡಿ.

ತಪ್ಪಿನ ಬಾಯಿ ಮುಚ್ಚಬೇಡಿ

#ಎನ್/ಎ ಕಂಡರೆ ಹಾಳೆ ಚೆನ್ನಾಗಿ ಕಾಣುವುದಿಲ್ಲವೆಂದು ಕೆಲವರು ಸೂತ್ರದ ಸುತ್ತ ಇಫ್‌ಎರರ್ ಎಂಬುದನ್ನು ಹಾಕಿ, ತಪ್ಪು ಬಂದಲ್ಲಿ ಸೊನ್ನೆ ತೋರಿಸುವಂತೆ ಮಾಡುತ್ತಾರೆ. ಎಕ್ಸೆಲ್ 2007ರಿಂದ ಈ ಸೌಲಭ್ಯವಿದೆ. ಆದರೆ ಇದು ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿ ಮಲಗಿದ ಹಾಗೆ. ಲೆಕ್ಕಕ್ಕೆಂದು ಕ್ವಿಂಟಾಲಿಗೆ 40,000 ರೂಪಾಯಿ ಹಿಡಿದರೂ 3 ಕ್ವಿಂಟಾಲಿನ ಒಂದು ಸಾಲು ಸೊನ್ನೆಯಾದರೆ 1,20,000 ರೂಪಾಯಿ ಮೊತ್ತದಿಂದ ಮಾಯವಾಗುತ್ತದೆ. ಕೆಳಗಿನ ಒಟ್ಟು ಮಾತ್ರ ನೆಟ್ಟಗೆ ಕಾಣುತ್ತದೆ. ಗುರುತು ಬೇಡವೆನಿಸಿದರೆ ಎಕ್ಸೆಲ್ 2013ರಿಂದ ಇರುವ ಇಫ್‌ಎನ್‌ಎ ಬಳಸಿ, ಸೊನ್ನೆಯ ಬದಲು "ಪಟ್ಟಿಯಲ್ಲಿಲ್ಲ" ಎಂದು ಬರೆಸಿ. ಓದುವವರಿಗೆ ತಿಳಿಯುತ್ತದೆ, ಹಣವೂ ಅಡಗುವುದಿಲ್ಲ.

ಹೊಸ ಸೂತ್ರ

ಹೊಸ ಕಂಪ್ಯೂಟರ್ ಕೊಂಡವರಿಗೆ ಎಕ್ಸ್‌ಲುಕಪ್ ಎಂಬ ಸೂತ್ರ ದೊರೆಯುತ್ತದೆ. ಮೈಕ್ರೊಸಾಫ್ಟ್ ಇದನ್ನು 2019ರಲ್ಲಿ ಪ್ರಕಟಿಸಿತು. ಎಕ್ಸೆಲ್ 2021 ಮತ್ತು ಮೈಕ್ರೊಸಾಫ್ಟ್ 365ರಲ್ಲಿದೆ. ಗೂಗಲ್ ಶೀಟ್ಸ್‌ನಲ್ಲಿ 2022ರಿಂದಲೂ, ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನಲ್ಲಿ 2024ರ 24.8 ಆವೃತ್ತಿಯಿಂದಲೂ ಇದೆ.

=ಎಕ್ಸ್‌ಲುಕಪ್(ಬಿ2, $ಜಿ$2:$ಜಿ$60, $ಐ$2:$ಐ$60, "ಪಟ್ಟಿಯಲ್ಲಿಲ್ಲ")

ಇದು ಕೇಳದೆಯೇ ಅದೇ ಪದವನ್ನು ಮಾತ್ರ ಹುಡುಕುತ್ತದೆ. ಎಡಕ್ಕೂ ನೋಡಬಲ್ಲದು. ಕಾಲಂ ಸಂಖ್ಯೆ ಎಣಿಸುವ ಕೆಲಸವಿಲ್ಲವಾದ್ದರಿಂದ ನಡುವೆ ಕಾಲಂ ಸೇರಿಸಿದರೂ ಕೆಡುವುದಿಲ್ಲ. ಆದರೆ ಎಕ್ಸೆಲ್ 2016, 2019 ಇರುವವರ ಯಂತ್ರದಲ್ಲಿ ಇದು ನಡೆಯದೆ #ನೇಮ್? ಬರುತ್ತದೆ. ಹಾಳೆಯನ್ನು ಇತರರಿಗೆ ಕಳಿಸುವವರು ಇದನ್ನು ನೆನಪಿಡಬೇಕು. ಹಳೆಯ ಯಂತ್ರದವರು ಇಂಡೆಕ್ಸ್ ಮತ್ತು ಮ್ಯಾಚ್ ಎಂಬ ಎರಡನ್ನು ಕೂಡಿಸಿ ಇದೇ ಕೆಲಸ ಮಾಡಿಕೊಳ್ಳಬಹುದು:

=ಇಂಡೆಕ್ಸ್($ಐ$2:$ಐ$60, ಮ್ಯಾಚ್(ಬಿ2, $ಜಿ$2:$ಜಿ$60, 0))

ಇಲ್ಲಿ ಕೊನೆಯ 0 ಎಂದರೆ ಫಾಲ್ಸ್ ಇದ್ದಂತೆ, ಅದನ್ನು ಬಿಡಬಾರದು.

ಕೊನೆಯಲ್ಲಿ ತಾಳೆ

ಸೂತ್ರ ಯಾವುದೇ ಇರಲಿ, ಹಣ ಕೊಡುವ ಅಥವಾ ಪಡೆಯುವ ಮೊದಲು ಮೂರು ತಾಳೆ ನೋಡುವ ಪದ್ಧತಿ ಇಟ್ಟುಕೊಳ್ಳಿ. ಒಂದು, ಸಾಲುಗಳ ಎಣಿಕೆ: ಮಾಲಿನ ಸಾಲು ಎಷ್ಟೋ ದರ ಬಂದ ಸಾಲೂ ಅಷ್ಟೇ ಇರಬೇಕು. ಎರಡು, ದರ್ಜೆವಾರು ಒಟ್ಟು: ರಾಶಿಯ ಒಟ್ಟು ತೂಕವನ್ನು ಆ ದಿನದ ದರದಿಂದ ಕೈಯಲ್ಲಿ ಗುಣಿಸಿ ಹಾಳೆಯ ಮೊತ್ತದೊಂದಿಗೆ ಹೋಲಿಸಬೇಕು. ಮೂರು, ಮೇಲಿನಿಂದ ಒಂದು, ನಡುವಿನಿಂದ ಮೂರು, ಕೊನೆಯಿಂದ ಒಂದು ಹೀಗೆ ಐದು ಸಾಲು ಆರಿಸಿ ತೂಕದ ಚೀಟಿ ಹಾಗೂ ಹಾಜರಿ ಪುಸ್ತಕದೊಂದಿಗೆ ಹೊಂದಿಸಿ ನೋಡಬೇಕು. ಹತ್ತು ನಿಮಿಷದ ಕೆಲಸ.

ಕೈಬರಹದ ಖಾತೆಯಲ್ಲಿ ಬರೆದವನ ಅನುಮಾನವೂ ಕಾಣುತ್ತಿತ್ತು: ಹೊಡೆದುಹಾಕಿದ ಅಂಕಿ, ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ. ಯಂತ್ರದ ಹಾಳೆಯಲ್ಲಿ ಸರಿಯೂ ತಪ್ಪೂ ಒಂದೇ ಅಚ್ಚಿನಲ್ಲಿ ಮೂಡುತ್ತವೆ. ಅನುಮಾನಪಡುವ ಕೆಲಸವನ್ನು ಯಂತ್ರಕ್ಕೆ ಬಿಡಲಾಗದು. ಅದನ್ನು ನಾವೇ ಮಾಡಬೇಕು. ಕೂಲಿಯವನ ಬಟವಾಡೆಯಾಗಲಿ ನಮ್ಮ ವರ್ಷದ ಫಸಲಿನ ಹಣವಾಗಲಿ ಈ ಹಾಳೆಯ ಮೇಲೆಯೇ ನಿಂತಿದೆ.

ಸೂತ್ರ ಹೊಂದದ ಹಾಳೆಗಳಿದ್ದ ಸದಸ್ಯರು ಕಚೇರಿಯ ವೇಳೆಯಲ್ಲಿ ಪೆನ್ ಡ್ರೈವ್‌ನಲ್ಲಿ ತರಬಹುದು. ಜೊತೆಗೆ ತೂಕದ ಚೀಟಿಗಳನ್ನೂ ತರಲು ಮರೆಯಬಾರದಾಗಿ ವಿನಂತಿ. ತಾಳೆ ನೋಡಲು ಅವು ಬೇಕಾಗುತ್ತವೆ.